ಮೇಷ್ಟ್ರು ಗೆದ್ದ ರೇಸು

ಬೆಳಗ್ಗೆ ಏಳೂವರೆಗೆ ಮೇಷ್ಟ್ರ ಕಾರು ಸೇತುವೆಯ ಅಂಚಿನಿಂದ ಹಾರಿ, ಆಚೆ ದಡ ಮುಟ್ಟುವ ಮೊದಲೇ ಗಾಳಿಯಲ್ಲಿ ನಿಂತುಹೋಯಿತು. ಚಕ್ರ ತಿರುಗಲಿಲ್ಲ, ಕೆಳಗಿನ ಹೊಳೆ ಹರಿಯಲಿಲ್ಲ, ಹಿಂದೆ ಬರುತ್ತಿದ್ದ ಕೆಂಪು ಕಾರಿನ ಹೊಗೆಯೂ ಹಿಂಜಿದ ಹತ್ತಿಯಂತೆ ಇದ್ದಲ್ಲೇ ಇತ್ತು. ಮೇಜಿನ ಕೆಳಗಿದ್ದ ಕಂಪ್ಯೂಟರ್ ಪೆಟ್ಟಿಗೆಯ ಫ್ಯಾನು ಮಾತ್ರ ದಮ್ಮಿನ ಮುದುಕನಂತೆ ಏದುಸಿರು ಬಿಡುತ್ತಿತ್ತು. ಅರ್ಧ ನಿಮಿಷ ಕಳೆದು ಚಿತ್ರ ಮತ್ತೆ ಅಲುಗಾಡಿದಾಗ ಮೇಷ್ಟ್ರ ಕಾರು ಹೊಳೆಯಲ್ಲಿತ್ತು.

“ಮುಳುಗಿದ್ರಾ?” ಎಂದು ಹೆಂಡತಿ ಅಡುಗೆಮನೆಯಿಂದ ಕೇಳಿದಳು.

“ನಾನು ಮುಳುಗಲಿಲ್ಲ. ಕಂಪ್ಯೂಟರು ಮುಳುಗಿಸ್ತು.”

ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರಲ್ಲ, ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಹದಿನೇಳು ವರ್ಷದಿಂದ ದಿನಕ್ಕೆ ಎಂಟು ಗಂಟೆ ಕಾರಿನಲ್ಲೇ ಕೂರುವ ಮನುಷ್ಯ. ಆದರೆ ಸ್ಟಿಯರಿಂಗ್ ಕಲಿಯಲು ಬಂದವರ ಕೈಯಲ್ಲಿ. ಇವರ ಪಾಲಿಗೆ ಪಕ್ಕದ ಸೀಟು, ಕಾಲಡಿಗೆ ಒಂದು ಹೆಚ್ಚುವರಿ ಬ್ರೇಕು. ಊರೆಲ್ಲ ಸುತ್ತಿದರೂ ತಾನು ಓಡಿಸಿದೆ ಎಂಬ ತೃಪ್ತಿ ಇಲ್ಲ. ಆ ತೃಪ್ತಿ ಸಿಗುತ್ತಿದ್ದದ್ದು ಮನೆಗೆ ಬಂದ ಮೇಲೆ, ಮೇಜಿಗೆ ಬಿಗಿದ ಪ್ಲಾಸ್ಟಿಕ್ ಸ್ಟಿಯರಿಂಗ್ ಹಿಡಿದು ಕಂಪ್ಯೂಟರಿನಲ್ಲಿ ರೇಸ್ ಓಡಿಸುವಾಗ. ಎಲ್ಲೆಲ್ಲೋ ತಮ್ಮ ತಮ್ಮ ಮನೆಗಳಲ್ಲಿ ಕೂತು ಆಡುವ ಇನ್ನೂರು ಜನರ ಪಂದ್ಯಾವಳಿಯೊಂದು ಮೂರು ತಿಂಗಳಿಂದ ನಡೆದು, ಈಗ ಹತ್ತು ಜನ ಉಳಿದಿದ್ದರು. ಹತ್ತನೆಯವರು ಮೇಷ್ಟ್ರು. ಫೈನಲ್ ಅಂದೇ ಸಂಜೆ ಏಳಕ್ಕೆ. ಏಳಕ್ಕೆ ಸರಿಯಾಗಿ ಗೆರೆಯ ಮೇಲೆ ಕಾರು ನಿಲ್ಲಿಸದವರ ಹೆಸರು ಹೊಡೆದುಹಾಕುತ್ತಾರೆ.

“ಇವತ್ತು ಒಂದು ತೀರ್ಮಾನ ಮಾಡಿಬಿಡಿ,” ಎಂದಳು ಹೆಂಡತಿ. ಆಕೆ ಹಲ್ಲಿನ ಡಾಕ್ಟರ ಬಳಿ ಕೆಲಸ ಮಾಡುವವಳು. ದಿನವಿಡೀ ಬಾಯಿ ಬಿಡುವವರನ್ನೇ ನೋಡಿ ತಾನು ಬಾಯಿ ಬಿಡುವುದು ಕಡಿಮೆ. “ಒಂದೋ ಇದಕ್ಕೆ ಹೊಸ ಕಾರ್ಡು ಹಾಕ್ಸಿ, ಇಲ್ಲಾ ಆ ಕನ್ಸೋಲ್ ಅಂತೀರಲ್ಲ, ಅದನ್ನ ತನ್ನಿ. ಎರಡು ತಿಂಗಳಿಂದ ಕೇಳಿ ಕೇಳಿ ಅದು ನನ್ನ ಕನಸಿಗೇ ಬರೋಕೆ ಶುರುವಾಗಿದೆ.”

ಮೇಷ್ಟ್ರಿಗೆ ಆತ್ಮವಿಶ್ವಾಸದ ಕೊರತೆ ಎಂದೂ ಇರಲಿಲ್ಲ. ಎದುರಿಗೆ ಲಾರಿ ಬರುತ್ತಿರುವಾಗ “ಸಾರ್, ಕ್ಲಚ್ ಯಾವುದು?” ಎಂದು ಕೇಳುವವರ ಪಕ್ಕ ಹದಿನೇಳು ವರ್ಷ ಕೂತವರಿಗೆ ಬೇರೆ ಭಯ ಎಲ್ಲಿ ಉಳಿದೀತು. ಅವರ ತೊಂದರೆ ಬೇರೆ: ಎರಡು ಕಡೆಗೂ ಸಮನಾದ ಆತ್ಮವಿಶ್ವಾಸ ಇತ್ತು. ಸೋಮವಾರ ಕನ್ಸೋಲೇ ಸರಿ ಎಂದು ಖಚಿತವಾಗಿ ಹೇಳುತ್ತಿದ್ದರು. ಡಬ್ಬ ಬಿಚ್ಚು, ಟೀವಿಗೆ ಸಿಕ್ಕಿಸು, ಆಡು. ಮಂಗಳವಾರ ಅಷ್ಟೇ ಖಚಿತವಾಗಿ, ಇರುವ ಕಂಪ್ಯೂಟರಿಗೆ ಚಿತ್ರ ಓಡಿಸುವ ಹೊಸ ಗ್ರಾಫಿಕ್ಸ್ ಕಾರ್ಡು ಹಾಕಿಸುವುದೇ ಜಾಣತನ ಎನ್ನುತ್ತಿದ್ದರು. ಬುಧವಾರ ಯಾರಾದರೂ ಕೇಳಿದರೆ, “ನಾನು ಆಗಲೇ ತೀರ್ಮಾನ ಮಾಡಾಯ್ತು,” ಎನ್ನುತ್ತಿದ್ದರು. ಯಾವುದು ಎಂದು ಮಾತ್ರ ಹೇಳುತ್ತಿರಲಿಲ್ಲ.

ತಿಂಡಿಯ ತಟ್ಟೆ ಮುಂದಿಡುವಷ್ಟರಲ್ಲಿ ಹೆಂಡತಿಯ ತಮ್ಮ ಸ್ಕ್ರೂಡ್ರೈವರ್ ಸಮೇತ ಬಂದ. ಕಂಪ್ಯೂಟರ್ ರಿಪೇರಿ ಅವನ ಕಸುಬು. ಆ ಪೆಟ್ಟಿಗೆಯನ್ನು ಜೋಡಿಸಿಕೊಟ್ಟವನೂ ಅವನೇ. ಅದನ್ನು ಯಾರಾದರೂ ಹಳೆಯದು ಎಂದರೆ ತನ್ನ ಮಗುವನ್ನು ಕಪ್ಪು ಎಂದಷ್ಟು ನೊಂದುಕೊಳ್ಳುತ್ತಿದ್ದ.

“ಭಾವ, ಮನೆ ಗಟ್ಟಿಯಾಗಿದೆ, ಬಾಗಿಲು ಒಂದು ಬದಲಾಯಿಸಿದ್ರೆ ಸಾಕು. ಹೊಸ ಕಾರ್ಡ್ ಹಾಕಿ, ಇನ್ನೂ ಐದು ವರ್ಷ ಓಡ್ದೇ ಇದ್ರೆ ನನ್ನ ಹೆಸರು ಕರೀಬೇಡಿ.”

ಎದುರುಮನೆಯ ಔಷಧಿ ಅಂಗಡಿಯವರ ಕಿವಿ ಬಲು ಸೂಕ್ಷ್ಮ. ಪೇಪರ್ ಹಿಡಿದುಕೊಂಡೇ ಒಳಗೆ ಬಂದರು. ಅವರ ಮನೆಯಲ್ಲಿ ಒಂದು ಕನ್ಸೋಲ್ ಇತ್ತು, ಮೊಮ್ಮಕ್ಕಳಿಗೆಂದು ತಂದದ್ದು. ಮೊಮ್ಮಕ್ಕಳು ವರ್ಷಕ್ಕೊಮ್ಮೆ ಬರುತ್ತಿದ್ದರು.

“ನೋಡಿ, ರೋಗಕ್ಕೆ ಮಾತ್ರೆ ತಗೊಳೋದು ಬೇರೆ, ಮಾತ್ರೆಗೋಸ್ಕರ ರೋಗ ಸಾಕೋದು ಬೇರೆ. ಇವತ್ತು ಕಾರ್ಡು, ನಾಳೆ ಫ್ಯಾನು, ನಾಡಿದ್ದು ಇನ್ನೇನೋ. ಕನ್ಸೋಲ್ ತಗೊಳ್ಳಿ, ನೆಮ್ಮದಿಯಾಗಿರಿ.”

“ನಿಮ್ಮ ಕನ್ಸೋಲಲ್ಲಿ ಒಂದು ಕಾಗದ ಟೈಪ್ ಮಾಡೋಕಾಗುತ್ತಾ?” ಎಂದ ಬಾಮೈದ.

“ನಿಮ್ಮ ಭಾವ ಈ ಕಂಪ್ಯೂಟರಲ್ಲಿ ಎಷ್ಟು ಕಾಗದ ಟೈಪ್ ಮಾಡಿದಾರೆ?” ಎಂದರು ಔಷಧಿಯವರು.

ಇಬ್ಬರೂ ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಹೆಂಡತಿಯ ಮುಖ ನೋಡಿದರು. ಹೆಂಡತಿ ಗಡಿಯಾರ ನೋಡಿದಳು.

ಮಾತಿನಲ್ಲಿ ಸೋಲುವ ಲಕ್ಷಣ ಕಂಡ ಬಾಮೈದ ಕೈಗೆ ಕೆಲಸ ಕೊಟ್ಟ. ಪೆಟ್ಟಿಗೆಯ ಬದಿ ಬಿಚ್ಚಿ, ಒಳಗಿದ್ದ ಹಳೆಯ ಕಾರ್ಡನ್ನು ಕಿತ್ತು ಜೇಬಿಗೆ ಹಾಕಿಕೊಂಡೇಬಿಟ್ಟ. “ಇದನ್ನ ಎಕ್ಸ್‌ಚೇಂಜಿಗೆ ಹಾಕ್ತೀನಿ. ಮಾರ್ಕೆಟ್ ರಸ್ತೆಯ ದೊಡ್ಡ ಅಂಗಡೀಲಿರ್ತೀನಿ, ಹನ್ನೊಂದಕ್ಕೆ ಬನ್ನಿ ಭಾವ,” ಎಂದು ಹೊರಟುಹೋದ. ಹೀಗೆ ಬೆಳಗ್ಗೆ ಕುಂಟುತ್ತಿದ್ದ ಕಂಪ್ಯೂಟರು ಎಂಟೂವರೆಗೆ ಮಲಗಿತು.

“ಒಳ್ಳೇದೇ ಆಯ್ತು,” ಎಂದರು ಔಷಧಿಯವರು. “ನೀವೂ ಹೋಗಿ, ಹೋಗಿ ಕನ್ಸೋಲ್ ತಗೊಂಡ್ಬನ್ನಿ. ನಿಮ್ಮ ಈ ಸ್ಟಿಯರಿಂಗ್ ಅದಕ್ಕೆ ಕೂಡುತ್ತೋ ಇಲ್ವೋ, ಅದೊಂದನ್ನ ಅಂಗಡೀಲೇ ಹಾಕಿ ನೋಡಿ.”

ಮೇಷ್ಟ್ರು ಮೇಜಿನಿಂದ ಸ್ಟಿಯರಿಂಗ್ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು ಕೆಲಸಕ್ಕೆ ಹೊರಟರು.

ಹತ್ತೂವರೆಯ ಪಾಠ ಟೀಚರ್‌ದು. ಮೂವತ್ತೈದು ವರ್ಷ ಬೀಜಗಣಿತ ಹೇಳಿಕೊಟ್ಟು ನಿವೃತ್ತರಾದವರು. ಮಾತಿನಲ್ಲಿ ಚಾಟಿ, ಸ್ಟಿಯರಿಂಗ್ ಹಿಡಿದರೆ ಹತ್ತಿ. ನಾಲ್ಕು ತಿಂಗಳಿಂದ ಕಲಿಯುತ್ತಿದ್ದರೂ ಎರಡನೇ ಗೇರು ದಾಟಿದವರಲ್ಲ. ದೂರದಲ್ಲಿ ಪಾರಿವಾಳ ಕೂತಿದ್ದರೆ ಅದು ಹಾರುವವರೆಗೂ ಕಾರು ನಿಲ್ಲಿಸಿ ಕಾಯುತ್ತಿದ್ದರು.

ಅಂದು ಮೇಷ್ಟ್ರು ಪಕ್ಕದ ಸೀಟಿನಲ್ಲಿ, ಮಡಿಲಲ್ಲಿ ಪ್ಲಾಸ್ಟಿಕ್ ಸ್ಟಿಯರಿಂಗ್ ಇಟ್ಟುಕೊಂಡು ಕೂತಿದ್ದರು. ಇಡಲು ಬೇರೆ ಜಾಗವಿರಲಿಲ್ಲ; ಹಿಂದಿನ ಸೀಟಿನ ತುಂಬ ಸ್ಕೂಲಿನ ಯಜಮಾನರ ಹೊಸ ಜಾಹೀರಾತು ಫಲಕಗಳಿದ್ದವು. ರಸ್ತೆ ದಾಟುವವರು ನಿಂತು ನೋಡಿದರು. ಒಂದು ಕಾರು, ಇಬ್ಬರು ಮನುಷ್ಯರು, ಎರಡು ಸ್ಟಿಯರಿಂಗ್. ಒಬ್ಬ ಹೆಂಗಸು ಗಂಡನಿಗೆ, “ನೋಡ್ರೀ, ಈ ಸ್ಕೂಲಲ್ಲಿ ಇಬ್ಬರಿಗೂ ಒಂದೊಂದು ಕೊಡ್ತಾರೆ,” ಎನ್ನುವುದು ಕಿಟಕಿಯೊಳಗೆ ಕೇಳಿಸಿತು.

ಮೇಷ್ಟ್ರ ಫೋನು ಮತ್ತೆ ಮತ್ತೆ ಹೊಡೆದುಕೊಳ್ಳುತ್ತಿತ್ತು. ಒಮ್ಮೆ ಬಾಮೈದ, ಒಮ್ಮೆ ಔಷಧಿಯವರು. ನಾಲ್ಕನೇ ಸಲ ರಿಂಗಾದಾಗ ಟೀಚರ್ ಕಾರನ್ನು ರಸ್ತೆ ಬದಿಗೆ ತಂದು ನಿಲ್ಲಿಸಿ, “ಏನು ಸಮಸ್ಯೆ ಹೇಳಿ ಮೇಷ್ಟ್ರೇ,” ಎಂದರು. ಸಮಸ್ಯೆ ಎಂಬ ಪದ ಉಚ್ಚರಿಸುವಾಗ ಅವರ ಕಣ್ಣು ಹೊಳೆಯಿತು.

ಮೇಷ್ಟ್ರು ಹೇಳಿದರು. ಟೀಚರ್ ಪಾಠದ ಹಾಜರಿ ಪುಸ್ತಕದ ಹಿಂದಿನ ಹಾಳೆಯಲ್ಲಿ ನಡುವೆ ಗೆರೆ ಎಳೆದು, ಎಡಕ್ಕೆ ಕನ್ಸೋಲ್, ಬಲಕ್ಕೆ ಕಂಪ್ಯೂಟರ್ ಎಂದು ಬರೆದು, ಒಂದೊಂದೇ ಪ್ರಶ್ನೆ ಕೇಳಿ ಅಂಕ ಕೊಡುತ್ತಾ ಹೋದರು. ಇಪ್ಪತ್ತು ನಿಮಿಷದ ಮೇಲೆ ಎರಡಕ್ಕೂ ಮೂವತ್ತೊಂದು ಬಂತು.

“ಸಮ ಬಂತಲ್ಲ ಟೀಚರ್.”

“ಅಂದ್ರೆ ದತ್ತಾಂಶ ಸಾಲದು. ಕಣ್ಣಿಂದ ನೋಡ್ಬೇಕು. ನಡೀರಿ, ಅಂಗಡಿಗೆ ಹೋಗೋಣ.”

“ಮಾರ್ಕೆಟ್ ರಸ್ತೆ ಟೀಚರ್. ನೀವು ಓಡಿಸ್ತೀರಾ?”

“ನೀವಿದೀರಲ್ಲ.”

ಮೇಷ್ಟ್ರಿಗೆ ಆ ಮಾತು ಇಷ್ಟವಾಯಿತು. ಎರಡು ಕಿಲೋಮೀಟರ್ ದಾರಿಗೆ ಮುಕ್ಕಾಲು ಗಂಟೆ ಹಿಡಿಯಿತು. ಹಿಂದೆ ಸಾಲುಗಟ್ಟಿದ ವಾಹನಗಳು ಮದುವೆಯ ದಿಬ್ಬಣದಂತೆ ಹಾರ್ನ್ ಬಾರಿಸುತ್ತಾ ಬಂದವು. ಅಂಗಡಿಯ ಮುಂದೆ ಟೀಚರ್ ಕಾರನ್ನು ಎರಡು ಗೆರೆಗಳ ನಡುವೆ ನಿಲ್ಲಿಸುವ ಬದಲು ಮೂರು ಗೆರೆಗಳ ಮೇಲೆ ನಿಲ್ಲಿಸಿದರು. ಅಂಗಡಿಯ ಸರಕು ಸಾಗಿಸುವ ವ್ಯಾನಿಗೆ ಹೊರಬರುವ ದಾರಿ ಪೂರ್ತಿ ಮುಚ್ಚಿತು. ಟೀಚರ್ ಆಗಲೇ ಮೇಷ್ಟ್ರ ಮಡಿಲಿನ ಸ್ಟಿಯರಿಂಗ್ ಎತ್ತಿಕೊಂಡು ಇಳಿದು ಅಂಗಡಿಯೊಳಗೆ ಹೋಗಿದ್ದರು.

ಒಳಗೆ ಬಾಮೈದ ಬೆವರು ಒರೆಸಿಕೊಳ್ಳುತ್ತಿದ್ದ. “ಭಾವ, ಕಾರ್ಡ್ ಏನೋ ಚಿನ್ನದಂಥದ್ದು. ಸ್ವಲ್ಪ ಉದ್ದ ಜಾಸ್ತಿ ಅಷ್ಟೆ. ನಮ್ಮ ಪೆಟ್ಟಿಗೇಲಿ ಹಿಡಿಸಲ್ಲ.”

“ಮತ್ತೆ?”

“ಪೆಟ್ಟಿಗೆ ಬದಲಾಯಿಸ್ಬೇಕು. ಅಷ್ಟು ದೊಡ್ಡ ಕಾರ್ಡಿಗೆ ಈಗಿರೋ ಪವರ್ ಸಪ್ಲೈ ಸಾಲಲ್ಲ, ಅದೊಂದು. ಅದು ಬಂದ್ರೆ ಮದರ್‌ಬೋರ್ಡ್ ಹಳೇದಾಗುತ್ತೆ. ಬೋರ್ಡ್ ಬದಲಾಯಿಸಿದ ಮೇಲೆ ಅದಕ್ಕೆ ತಕ್ಕ ಮೆಮೊರಿ…”

“ಹಾಗಾದ್ರೆ ನಮ್ಮ ಹಳೇ ಕಂಪ್ಯೂಟರಲ್ಲಿ ಏನು ಉಳಿಯುತ್ತೆ?”

ಬಾಮೈದ ಪ್ರಾಮಾಣಿಕ. ಸ್ವಲ್ಪ ಯೋಚಿಸಿ, “ಮೌಸು,” ಎಂದ.

ಮೂಗಿಗಿಂತ ಮೂಗುತಿ ಭಾರ ಎಂದರೆ ಇದೇ ಎಂದುಕೊಂಡು ಮೇಷ್ಟ್ರು ಹಿಂತಿರುಗಿ ನೋಡಿದರೆ, ಕನ್ಸೋಲ್ ಇಟ್ಟಿದ್ದ ಮೂಲೆಯಲ್ಲಿ ಜನ ಕೂಡಿದ್ದರು. ಕೌಂಟರಿನಲ್ಲಿದ್ದ ಹೆಂಗಸು ಮೇಷ್ಟ್ರ ಸ್ಟಿಯರಿಂಗನ್ನು ಕನ್ಸೋಲಿಗೆ ಸಿಕ್ಕಿಸಿ, ಸರಿಹೊಂದುತ್ತದೆಯೋ ಎಂದು ನೋಡಲು ಟೀಚರ್ ಕೈಗೇ ಕೊಟ್ಟಿದ್ದಳು. ಅದು ಸರಿಹೊಂದಿತ್ತು. ಟೀಚರ್‌ಗೂ ಸರಿಹೊಂದಿತ್ತು.

ಮೇಷ್ಟ್ರು ತಮ್ಮ ಕಣ್ಣನ್ನೇ ನಂಬಲಿಲ್ಲ. ಪಾರಿವಾಳಕ್ಕೆ ದಾರಿ ಬಿಡುವ ಹೆಂಗಸು ಪರದೆಯ ಮೇಲೆ ಎರಡು ಲಾರಿಗಳ ನಡುವಿನ ಸಂದಿಯಲ್ಲಿ ನೂಲಿನಂತೆ ನುಸುಳಿ, ಗುಡ್ಡದ ತಿರುವಿನಲ್ಲಿ ಕಾರನ್ನು ಅಡ್ಡಡ್ಡ ಜಾರಿಸಿ, ಮುಂದಿದ್ದ ಮೂವರನ್ನು ಒಂದೇ ಉಸಿರಿಗೆ ಹಿಂದೆ ಹಾಕಿದರು. ಕನ್ನಡಕ ಮೂಗಿನ ತುದಿಗೆ ಇಳಿದಿತ್ತು. “ಇದು ಬರೀ ಕೋನ ಮತ್ತೆ ವೇಗ ಮೇಷ್ಟ್ರೇ,” ಎಂದರು, ತಿರುಗಿ ನೋಡದೆ. “ಇಲ್ಲಿ ಯಾರೂ ಸಾಯಲ್ಲ ಅಂತ ಗೊತ್ತಾದ್ಮೇಲೆ ಉಳಿದದ್ದೆಲ್ಲ ಲೆಕ್ಕ.”

ಚಿತ್ರ ಒಂದೇ ಒಂದು ಸಲವೂ ನಿಲ್ಲಲಿಲ್ಲ, ನಡುಗಲಿಲ್ಲ. ಮೇಷ್ಟ್ರ ಎರಡು ತಿಂಗಳ ತೂಗುಯ್ಯಾಲೆ ಅಲ್ಲಿಗೆ ನಿಂತಿತು.

“ಕನ್ಸೋಲ್ ಪ್ಯಾಕ್ ಮಾಡಿ,” ಎಂದರು, ಲಾರಿ ನಿಲ್ಲಿಸುವ ದನಿಯಲ್ಲಿ.

ಬಾಮೈದ ಜೇಬಿನಲ್ಲಿದ್ದ ಹಳೇ ಕಾರ್ಡನ್ನು ಸವರುತ್ತಾ, “ಮನೇಲಿ ಟೀವಿಗೆ ಸಿಕ್ಕಿಸೋಕೆ ನಾನೇ ಬರ್ತೀನಿ,” ಎಂದ. ಎಷ್ಟಾದರೂ ಒಳ್ಳೆಯ ಮನುಷ್ಯ.

ಅಷ್ಟರಲ್ಲಿ ಬಾಗಿಲಲ್ಲಿ ಯಜಮಾನರು ಕಾಣಿಸಿಕೊಂಡರು. ಡ್ರೈವಿಂಗ್ ಸ್ಕೂಲಿನ ಯಜಮಾನರಿಗೆ ಜಾಹೀರಾತಿನ ಹುಚ್ಚು. ಕಾರಿನ ತಲೆಯ ಮೇಲೆ, ಬಾಗಿಲ ಮೇಲೆ, ಹಿಂದಿನ ಗಾಜಿನ ಮೇಲೆ ಅವರದೇ ಫೋನ್ ನಂಬರು. ದಾರಿ ಸಿಗದ ವ್ಯಾನಿನ ಡ್ರೈವರ್ ಅದರಲ್ಲಿ ಒಂದನ್ನು ಓದಿ ಫೋನ್ ಮಾಡಿ ಅವರ ಇಡೀ ವಂಶವನ್ನು ನೆನಪಿಸಿದ್ದ. ಸ್ಕೂಟರಿನಲ್ಲಿ ಹಾರಿಕೊಂಡು ಬಂದ ಯಜಮಾನರಿಗೆ ಕಂಡದ್ದು: ಪಾಠ ಹೇಳಬೇಕಾದ ಮೇಷ್ಟ್ರು ಕೈಯಲ್ಲಿ ಡಬ್ಬ ಹಿಡಿದಿದ್ದಾರೆ, ಪಾಠ ಕಲಿಯಬೇಕಾದವರು ಆಟ ಆಡುತ್ತಿದ್ದಾರೆ.

“ಏನ್ರೀ ಇದು?” ಎಂದರು. ದನಿ ಮೆಲ್ಲಗಿತ್ತು, ಅದೇ ಭಯ ಹುಟ್ಟಿಸುವಂತಿತ್ತು.

ಬೇರೆ ಯಾರಾದರೂ ತಡವರಿಸುತ್ತಿದ್ದರು. ಮೇಷ್ಟ್ರ ಬಾಯಿಗೆ ಮಾತು ಬ್ರೇಕಿನಂತೆ ತಾನಾಗಿಯೇ ಬಂತು.

“ಪಾಠ ಸಾರ್. ಹೊಸ ವಿಧಾನ. ಭಯ ಇರೋರಿಗೆ ಮೊದಲು ಪರದೆ ಮೇಲೆ ಭಯ ಬಿಡಿಸಿ, ಆಮೇಲೆ ಸೀದಾ ರಸ್ತೆಗೆ ಇಳಿಸೋದು. ನಾನೇ ರೂಪಿಸಿದ್ದು.”

“ಹೌದು,” ಎಂದರು ಟೀಚರ್, ಅಂಕ ಕೊಡುವ ದನಿಯಲ್ಲಿ. “ನನಗೆ ಬಹಳ ಅನುಕೂಲ ಆಗಿದೆ.”

“ಹಾಗಾದ್ರೆ ಹೊರಗೆ ಬಂದು ಕಾರು ತೆಗೀರಿ ನೋಡೋಣ,” ಎಂದರು ಯಜಮಾನರು. “ವ್ಯಾನಿನವರು ಕಾಯ್ತಿದಾರೆ.”

ಆಟ ನೋಡುತ್ತಿದ್ದ ಜನರೆಲ್ಲ ಹೊರಗೆ ಬಂದು ಸಾಲಾಗಿ ನಿಂತರು. ಮೇಷ್ಟ್ರು ಪಕ್ಕದ ಸೀಟಿನಲ್ಲಿ ಕೂತು ಎದೆ ಸೆಟೆಸಿಕೊಂಡರು. ಟೀಚರ್ ಕನ್ನಡಕ ಸರಿಮಾಡಿಕೊಂಡು, ಗೇರು ಹಾಕಿ, ಕಾರನ್ನು ಒಂದೇ ತಿರುವಿನಲ್ಲಿ ಹಿಂದಕ್ಕೆ ತೆಗೆದು, ವ್ಯಾನಿಗೂ ಕಂಬಕ್ಕೂ ನಡುವೆ ಅಂಗೈಯಷ್ಟು ಜಾಗ ಬಿಟ್ಟು, ರಸ್ತೆಗೆ ಮುಖ ಮಾಡಿ ನಿಲ್ಲಿಸಿದರು. ಯಾರೋ ಚಪ್ಪಾಳೆ ತಟ್ಟಿದರು. ವ್ಯಾನಿನವನೂ ಬೈಯುವುದು ಮರೆತ. ಯಜಮಾನರು ಕಿಟಕಿಯ ಬಳಿ ಬಂದು, ಮೇಷ್ಟ್ರ ಭುಜ ತಟ್ಟಿ, “ಇಷ್ಟು ದಿನ ಇದನ್ನ ಎಲ್ಲಿ ಬಚ್ಚಿಟ್ಟಿದ್ರಿ?” ಎಂದರು.

ಮಧ್ಯಾಹ್ನದ ಪಾಠಗಳನ್ನು ಮೇಷ್ಟ್ರು ರಾಜನಂತೆ ಮುಗಿಸಿದರು. ಕೆಲಸ ಉಳಿಯಿತು, ಹೆಸರು ಬಂತು, ಕನ್ಸೋಲೂ ಬಂತು. ಐದೂವರೆಗೆ ಮನೆ ಸೇರಿದಾಗ ಬಾಮೈದ ಎಲ್ಲ ತಂತಿಗಳನ್ನೂ ಸಿಕ್ಕಿಸಿ ಮುಗಿಸಿದ್ದ. ಔಷಧಿಯವರು, “ನಾನು ಹೇಳ್ಲಿಲ್ವಾ,” ಎಂದು ಹೇಳಲೆಂದೇ ಅಂಗಡಿ ಬೇಗ ಮುಚ್ಚಿ ಬಂದು ಸೋಫಾದಲ್ಲಿ ಕೂತಿದ್ದರು. ಫೈನಲ್ ನೋಡುವ ಆಸೆಯಿಂದ ಟೀಚರ್ ಕೂಡ ಬಂದರು. ಮೇಷ್ಟ್ರ ಹೆಂಡತಿ ಅವರಿಗೆ ಟೀ ಕೊಟ್ಟು, “ಇವರಿಗೆ ಬುದ್ಧಿ ಹೇಳೋರು ಒಬ್ಬರಾದ್ರೂ ಸಿಕ್ಕಿದ್ರಲ್ಲ,” ಎಂದಳು.

ಆರೂವರೆಗೆ ಮೇಷ್ಟ್ರು ಸ್ಟಿಯರಿಂಗನ್ನು ಮೇಜಿಗೆ ಬಿಗಿದು, ತಮ್ಮ ಹೆಸರು ಒತ್ತಿ, ಕಾರನ್ನು ಒಂದು ಸುತ್ತು ಓಡಿಸಿ ನೋಡಿದರು. ಬೆಣ್ಣೆಯಿಂದ ಕೂದಲು ಎಳೆದಂತೆ ಓಡಿತು. ಇವತ್ತು ಮೊದಲ ಮೂವರಲ್ಲಿ ತಾನೊಬ್ಬ ಎಂಬುದರಲ್ಲಿ ಅವರಿಗೆ ಎಳ್ಳಷ್ಟೂ ಅನುಮಾನ ಉಳಿಯಲಿಲ್ಲ.

ಆರು ಮೂವತ್ತೈದಕ್ಕೆ ಯಜಮಾನರ ಫೋನ್ ಬಂತು.

“ಮೇಷ್ಟ್ರೇ, ಅಂಗಡಿ ಮುಂದೆ ನಿಂತು ನೋಡಿದ್ರಲ್ಲ ಜನ, ಅವರಲ್ಲಿ ಎಂಟು ಜನ ಫೋನ್ ಮಾಡಿದಾರೆ. ಕಾರಿನ ಮೇಲೆ ನಂಬರ್ ಹಾಕ್ಸಿದ್ದು ಸಾರ್ಥಕ ಆಯ್ತು. ಎಲ್ಲರಿಗೂ ಆ ಟೀಚರ್ ಥರ ಭಯ ಹೋಗ್ಬೇಕಂತೆ. ಎಲ್ಲರೂ ಕೆಲಸಕ್ಕೆ ಹೋಗೋರು, ಸಂಜೇನೇ ಬಿಡುವು. ಆರೂಮುಕ್ಕಾಲರಿಂದ ಎಂಟೂವರೆ, ದಿನಾ.”

“ಒಳ್ಳೇದು ಸಾರ್. ಯಾರನ್ನಾದ್ರೂ ನೇಮಿಸ್ಕೊಳ್ಳಿ.”

“ಯಾರನ್ನ ನೇಮಿಸೋದು? ನೀವೇ ರೂಪಿಸಿದ ವಿಧಾನ ಅಲ್ವಾ, ಬೇರೆಯವರಿಗೆ ಹೇಗೆ ಬರುತ್ತೆ? ಇವತ್ತಿಂದ್ಲೇ ಶುರು ಅಂತ ಹೇಳ್ಬಿಟ್ಟಿದೀನಿ. ಮೊದಲನೇ ಶಿಷ್ಯೆ ಕಾರಲ್ಲೇ ಕೂತಿದಾರೆ. ನಾನೇ ಓಡಿಸ್ಕೊಂಡು ಬಂದಿದೀನಿ, ಕೆಳಗಿದೀನಿ, ಬನ್ನಿ.”

ಮೇಷ್ಟ್ರು ಕಿಟಕಿಯಿಂದ ಇಣುಕಿದರು. ಕಾರು ನಿಂತಿತ್ತು. ಯಜಮಾನರು ಕೈ ಬೀಸಿದರು. ಆ ವಿಧಾನ ನನ್ನದಲ್ಲ, ಅಂಗಡಿಯಲ್ಲಿ ಬಾಯಿಗೆ ಬಂದದ್ದು ಎಂದು ಹೇಳಿದರೆ ಕೆಲಸ ಹೋಗುತ್ತದೆ; ಹೇಳದಿದ್ದರೆ ರೇಸು ಹೋಗುತ್ತದೆ. ಈ ಸಲ ಯಾರ ಸಲಹೆಯೂ ಬೇಕಾಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡರು.

“ಒಂದು ಸುತ್ತು ಹಾಕ್ಸಿ ಏಳರೊಳಗೆ ಬಂದ್ಬಿಡ್ತೀನಿ,” ಎಂದರು, ನಂಬಿಕೆಯಿಂದಲೇ. “ಯಾರೂ ಏನೂ ಮುಟ್ಟಬೇಡಿ.”

ಕಾರಿನ ಸ್ಟಿಯರಿಂಗ್ ಹಿಂದೆ ಕೂತಿದ್ದವಳು ಅಂಗಡಿಯ ಕೌಂಟರಿನ ಹೆಂಗಸು. ಕನ್ಸೋಲ್ ಪ್ಯಾಕ್ ಮಾಡಿಕೊಟ್ಟವಳು ಆಕೆಯೇ. “ನನ್ನ ಡ್ಯೂಟಿ ಆರಕ್ಕೆ ಮುಗಿಯುತ್ತೆ ಸಾರ್,” ಎಂದು ನಕ್ಕಳು. “ಆ ಟೀಚರಮ್ಮನ್ನ ನೋಡಿದ್ಮೇಲೆ ನನಗೂ ಧೈರ್ಯ ಬಂತು.”

ಧೈರ್ಯ ನಿಜಕ್ಕೂ ಬಂದಿತ್ತು. ಕೈ ಇನ್ನೂ ಬಂದಿರಲಿಲ್ಲ. ಮೊದಲ ತಿರುವಿನಲ್ಲಿ ಕಸದ ಡಬ್ಬ ಉರುಳಿತು. ಎರಡನೆಯ ತಿರುವಿನಲ್ಲಿ ಒಂದು ನಾಯಿ ತನ್ನ ವಯಸ್ಸು ಮರೆತು ಓಡಿತು. ಮೇಷ್ಟ್ರ ಬಲಗಾಲು ಬ್ರೇಕಿನ ಮೇಲೆ ಹೊಲಿಗೆ ಯಂತ್ರದಂತೆ ಆಡುತ್ತಿತ್ತು. ಏಳಕ್ಕೆ ಐದು ನಿಮಿಷ ಇರುವಾಗ ದೊಡ್ಡ ಕೂಡುರಸ್ತೆಯ ನಟ್ಟನಡುವೆ ಕಾರು ಒಮ್ಮೆ ಜಿಗಿದು ಆರಿಹೋಯಿತು. ಆಕೆ ಕೀಲಿ ತಿರುಗಿಸಿದಳು, ಜಿಗಿಯಿತು, ಆರಿತು. ಮತ್ತೆ ತಿರುಗಿಸಿದಳು. ನಾಲ್ಕೂ ಕಡೆಯಿಂದ ಹಾರ್ನ್ ಮೊಳಗಿತು. ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಗಡಿಯಾರದಲ್ಲಿ ಏಳಾಯಿತು, ಏಳೂಹತ್ತಾಯಿತು. ಹೊಡೆದುಹಾಕಿದ ತಮ್ಮ ಹೆಸರು ಅವರ ಕಣ್ಣ ಮುಂದೆ ಬಂತು.

ಕಾರು ಹೇಗೋ ಕೂಡುರಸ್ತೆ ದಾಟಿ ಬದಿಗೆ ಬಂದು ನಿಂತಾಗ ಏಳೂವರೆ. ಹೆಂಡತಿಯ ಫೋನ್ ಬಂತು. ಹಿಂದಿನಿಂದ ಏನೋ ಗದ್ದಲ, ಔಷಧಿಯವರ ಕೇಕೆ, ಬಾಮೈದನ ಚಪ್ಪಾಳೆ.

“ರೀ, ನೀವು ಫಸ್ಟ್ ಬಂದ್ರಿ.”

“ಎಲ್ಲಿ?”

“ಇಲ್ಲೇ, ಮನೇಲಿ. ಏಳಾಗ್ತಾ ಬಂದ್ರೂ ನೀವು ಬರ್ಲಿಲ್ಲ, ಹೆಸರು ಹೊಡೆದ್ಹಾಕ್ತಾರೆ ಅಂತ ಟೀಚರ್ ಕೂತ್ಕೊಂಡ್ರು. ಎರಡನೇವನಿಗೂ ನಿಮಗೂ ಅರ್ಧ ಸುತ್ತು ಅಂತರ. ಎಲ್ಲೆಲ್ಲಿಂದಲೋ ನಿಮಗೆ ಅಭಿನಂದನೆ ಬರ್ತಾ ಇದೆ. ಮುಂದಿನ ತಿಂಗಳು ತಂಡ ಕಟ್ಟಿಕೊಂಡು ಆಡೋ ಇನ್ನೂ ದೊಡ್ಡ ಪಂದ್ಯ ಇದೆಯಂತೆ, ನಿಮ್ಮನ್ನೇ ನಾಯಕನ್ನ ಮಾಡಿದಾರೆ. ನೀವು ಸಂಜೆ ಹೊತ್ತು ಹೇಗೂ ಇರಲ್ವಲ್ಲ, ಟೀಚರ್ ದಿನಾ ಬಂದು ಅಭ್ಯಾಸ ಮಾಡ್ತಾರಂತೆ. ನಾನೂ ಹೂಂ ಅಂದೆ.”

ಮೇಷ್ಟ್ರು ಫೋನನ್ನು ನಿಧಾನವಾಗಿ ಜೇಬಿಗೆ ಇಳಿಸಿದರು. ಪಕ್ಕದಲ್ಲಿ ಕೌಂಟರಿನ ಹೆಂಗಸು ಮತ್ತೆ ಕೀಲಿ ತಿರುಗಿಸಿ, ಮಾತಿಗೆಂದು, “ಕನ್ಸೋಲ್ ಹೇಗಿದೆ ಸಾರ್?” ಎಂದು ಕೇಳಿದಳು.

ಮೇಷ್ಟ್ರು ಬ್ರೇಕಿನ ಮೇಲೆ ಕಾಲಿಟ್ಟರು.

“ತುಂಬಾ ಚೆನ್ನಾಗಿದೆಯಂತೆ,” ಎಂದರು.